ಲಾರಿ ಮೂತಿ ಎತ್ತಿ, ಸೊಂಟ ಉಳಿಸಿ

ತಾಳವಾಡಿ: ಎಲೆಕೋಸು, ಆಲೂಗಡ್ಡೆ ಹೇರಿಕೊಂಡು ಹಾಸನೂರು ದಾಟಿ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಇಳಿಯುವ ಲಾರಿಗಳ ಮೂತಿ ಕಾಲಕ್ರಮೇಣ ತಗ್ಗುತ್ತದೆ. ಹೊಲದ ದಾರಿಯ ಕಲ್ಲು ಅಡಿಗೆ ತಾಗುತ್ತದೆ. ‘ಇನ್ನೊಂದು ಪಟ್ಟಿ ಸೇರಿಸ್ಬಿಡಿ’ ಅನ್ನೋದು ಗ್ಯಾರೇಜಿನಲ್ಲಿ ಕೇಳಿಬರುವ ಮೊದಲ ಮಾತು.

ಲಾರಿ ಎದ್ದು ನಿಲ್ಲುತ್ತದೆ, ನಿಜ. ಆದರೆ ಗುಂಡಿ ಸಿಕ್ಕಾಗಲೆಲ್ಲ ಪೆಟ್ಟು ಡ್ರೈವರ್ ಸೊಂಟಕ್ಕೆ. ಒಂದೇ ದಪ್ಪದ ಆರು ಪಟ್ಟಿಗೆ ಏಳನೆಯದು ಸೇರಿದರೆ ಕಮಾನು ಹೆಚ್ಚುಕಮ್ಮಿ ಆರರಲ್ಲೊಂದು ಪಾಲು ಬಿಗಿಯಾಗುತ್ತದೆ. ದಪ್ಪ ಪಟ್ಟಿಯಂತೂ ಕೇಳೋದೇ ಬೇಡ: ದಪ್ಪ ಎರಡರಷ್ಟಾದರೆ ಆ ಪಟ್ಟಿಯ ಬಿಗಿ ಎಂಟರಷ್ಟು!

ಎತ್ತರ ಕೊಡೋದು ಪಟ್ಟಿಯ ಬಾಗು. ಹಾಗಾಗಿ ಇರುವ ಪಟ್ಟಿಗಳನ್ನೇ ಬಿಚ್ಚಿಸಿ, ಕಳೆದುಹೋದ ಬಾಗನ್ನು ಮತ್ತೆ ಕೊಡಿಸಿದರೆ ಮೂತಿ ಏಳುತ್ತದೆ, ಮೆದು ಉಳಿಯುತ್ತದೆ. ಕಾಯಿಸಿ ಬಾಗಿಸಿದ ಪಟ್ಟಿಗೆ ಸರಿಯಾಗಿ ಹದ ಹಾಕದಿದ್ದರೆ ಅದು ಬೇಗನೆ ಕುಸಿಯುತ್ತದೆ, ಇಲ್ಲವೇ ಮುರಿಯುತ್ತದೆ. ಬಿರುಕು ಬಿಟ್ಟದ್ದು ಗುಜರಿಗೇ ಹೋಗಬೇಕು. ನಡುವಿನ ತುಕ್ಕು ಉಜ್ಜಿ ಗ್ರೀಸ್ ಹಚ್ಚಿದರೆ ಕುಲುಕಾಟ ಇನ್ನಷ್ಟು ತಗ್ಗುತ್ತದೆ. ಈ ಅಗ್ಗದ ಕೆಲಸವನ್ನೇ ಎಲ್ಲರೂ ಮರೆಯೋದು.

ಜೋಡಿಸಿದ ಮೇಲೆ ಜಾಕ್ ಕೊಟ್ಟು, ಚಕ್ರ ಜೋತಾಡುವಾಗ ಬ್ರೇಕ್ ಹೋಸ್ ಬಿಗಿದಿದೆಯೇ, ಶಾಕ್ ಅಬ್ಸಾರ್ಬರ್ ಪೂರ್ತಿ ಎಳೆದುಕೊಂಡಿದೆಯೇ ನೋಡಬೇಕು. ಅಲೈನ್‌ಮೆಂಟ್ ಮಾಡಿಸಿ, ಖಾಲಿ ಲಾರಿಯನ್ನು ಊರ ಸುತ್ತ ಓಡಿಸಿ ನೋಡಿದ ನಂತರವೇ ಲೋಡು, ಘಾಟಿ.