ಪ್ರಬಂಧದೊಳಗೆ ‘ನಾನು’: ಪ್ರವೇಶ ಅರ್ಜಿ ಮತ್ತು ಗಡಿನಾಡಿನ ವಿದ್ಯಾರ್ಥಿ

ಅಮೆರಿಕದ ಕಾಲೇಜುಗಳಿಗೆ ಅರ್ಜಿ ಸಲ್ಲಿಸುವ ವಿದ್ಯಾರ್ಥಿಯಿಂದ ಅಂಕಪಟ್ಟಿಯೊಡನೆ ಒಂದು ವೈಯಕ್ತಿಕ ಪ್ರಬಂಧವನ್ನೂ ಅಪೇಕ್ಷಿಸುವುದು ಸಾಮಾನ್ಯ. 1975ರಲ್ಲಿ ಆರಂಭವಾದ, ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಸಲ್ಲಿಸಲು ಅನುವು ಮಾಡಿಕೊಡುವ ‘ಕಾಮನ್ ಅಪ್ಲಿಕೇಶನ್’ ವ್ಯವಸ್ಥೆಯಲ್ಲಿ ಈ ಪ್ರಬಂಧದ ಮಿತಿ 250ರಿಂದ 650 ಪದಗಳು. ಭಾರತದ ಕೆಲವು ಖಾಸಗಿ ವಿಶ್ವವಿದ್ಯಾಲಯಗಳೂ ಇಂತಹ ಬರವಣಿಗೆಯನ್ನು ಕೇಳುತ್ತವೆ. ವಿದ್ಯಾರ್ಥಿ ಏನನ್ನು ಕಲಿತಿದ್ದಾನೆಂಬುದನ್ನು ಅಂಕಪಟ್ಟಿ ಹೇಳುತ್ತದೆ. ಕಲಿಯುವ ಆ ವ್ಯಕ್ತಿ ಯಾರೆಂಬುದನ್ನು ಪ್ರಬಂಧ ಹೇಳಬೇಕು.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಲ್ಲಿ ಎದುರಾಗುವ ತೊಡಕು ಇಂಗ್ಲಿಷಿನದು ಮಾತ್ರವಲ್ಲ, ಪ್ರಕಾರದ್ದೂ ಹೌದು. ಶಾಲೆಯ ಪ್ರಬಂಧಕ್ಕೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ಅಂಗಗಳಿವೆ. ಪರಿಸರ ಸಂರಕ್ಷಣೆ, ರಾಷ್ಟ್ರೀಯ ಹಬ್ಬಗಳು, ಗ್ರಂಥಾಲಯದ ಮಹತ್ವ ಮುಂತಾದ ವಿಷಯಗಳಲ್ಲಿ ‘ನಾನು’ ಎಂಬ ಪದಕ್ಕೆ ಸ್ಥಳವಿಲ್ಲ. ಹೆಸರುಗಳಲ್ಲಿಯೇ ಈ ಅಂತರವನ್ನು ಕಾಣಬಹುದು. ಪ್ರಬಂಧವೆಂದರೆ ಚೆನ್ನಾಗಿ ಕಟ್ಟಿದ್ದು. 1580ರಲ್ಲಿ ಮೊಂತೇನ್ ತನ್ನ ಬರಹಗಳಿಗೆ ಇಟ್ಟ ‘ಎಸ್ಸೇ’ ಎಂಬ ಹೆಸರಿನ ಅರ್ಥ ಪ್ರಯತ್ನ. ಆದರೂ ಇದು ಕನ್ನಡಕ್ಕೆ ಹೊರಗಿನ ಪ್ರಕಾರವೇನಲ್ಲ. ದಿನನಿತ್ಯದ ಸಣ್ಣ ಸಂಗತಿಯೊಂದನ್ನು ಹಿಡಿದು ಆಲೋಚನೆಯತ್ತ ನಡೆಯುವ ಲಲಿತ ಪ್ರಬಂಧವನ್ನು ಎ.ಎನ್. ಮೂರ್ತಿರಾವ್, ಗೊರೂರು ರಾಮಸ್ವಾಮಿ ಅಯ್ಯಂಗಾರ್ ಮೊದಲಾದವರು ಬೆಳೆಸಿದ್ದಾರೆ. ನೆರವಾಗುವ ಅಧ್ಯಾಪಕರು ಇಂಗ್ಲಿಷ್ ಮಾರ್ಗದರ್ಶಿಗಳಿಗಿಂತ ಮೊದಲು ಇಂತಹ ಒಂದೆರಡು ಪ್ರಬಂಧಗಳನ್ನು ವಿದ್ಯಾರ್ಥಿಯೊಡನೆ ಓದುವುದು ಹೆಚ್ಚು ಫಲಕಾರಿ.

ಮಂಜೇಶ್ವರದ ಕಡೆಯ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಬಹುದು. ಮನೆಮಾತು ತುಳು, ಶಾಲೆಯದು ಕನ್ನಡ, ಕಚೇರಿಯ ಕಾಗದ ಮಲಯಾಳ, ಅರ್ಜಿಯ ಭಾಷೆ ಇಂಗ್ಲಿಷ್. ಅವಳ ಮೊದಲ ಕರಡು ಬಹುಶಃ ಹೀಗೆ ತೊಡಗುತ್ತದೆ: ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು, ಅಂದಿನಿಂದ ಇಲ್ಲಿನ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರಾಗಿದ್ದಾರೆ. ಮಾತು ಸತ್ಯ, ಆದರೆ ಜಿಲ್ಲೆಯ ಯಾವ ಕನ್ನಡ ವಿದ್ಯಾರ್ಥಿಯೂ ಇದನ್ನೇ ಬರೆಯಬಲ್ಲ. ಅವಳ ಅಜ್ಜಿಯ ಜಾಗದ ತೀರ್ವೆ ರಶೀದಿಯನ್ನು ವಿಲೇಜ್ ಆಫೀಸಿನಿಂದ ತಂದು ಓದಿ ಹೇಳುವವಳು ಅವಳೇ ಆಗಿದ್ದರೆ? ರಶೀದಿಯಲ್ಲಿರುವ ‘ತಂಡಪ್ಪೇರ್’ ಎಂಬ ಮಲಯಾಳ ಪದವನ್ನು ತುಳುವಿನಲ್ಲಿ ಹೇಗೆ ಹೇಳುವುದೆಂದು ಅವಳು ತಡವರಿಸಿದ ಗಳಿಗೆಯಿಂದ ಬರವಣಿಗೆ ತೊಡಗಬಹುದು. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿಯೇ ಸರಕಾರದೊಡನೆ ಪತ್ರವ್ಯವಹಾರ ನಡೆಸಲು ಕೇರಳದ 1969ರ ರಾಜ್ಯಭಾಷಾ ಕಾನೂನು ಅವಕಾಶ ನೀಡಿದೆ. ಅದನ್ನು ಅವಳು ಹುಡುಕಿ ತಿಳಿದುಕೊಂಡಿದ್ದರೆ, ಅನುಭವದಿಂದ ವಿಚಾರಕ್ಕೆ ದಾಟುವ ದಾರಿಯೂ ಸಿಕ್ಕಿತು.

ಇಂತಹ ಗಳಿಗೆ ಬರೆದಾಗ ಹೊಳೆಯುವುದಕ್ಕಿಂತ ಹೆಚ್ಚಾಗಿ ಮಾತಿನಲ್ಲಿ ಹೊರಬರುತ್ತದೆ. ಆದುದರಿಂದ ಮೊದಲ ಭೇಟಿಯಲ್ಲಿ ಅಧ್ಯಾಪಕರ ಕೆಲಸ ತಿದ್ದುವುದಲ್ಲ, ಕೇಳುವುದು. ಅಂದು ಅಜ್ಜಿ ಏನೆಂದರು? ನೀನು ಏನು ಉತ್ತರಿಸಿದೆ? ಆ ಉತ್ತರ ನಿನಗೆ ಸಮಾಧಾನ ತಂದಿತೇ? ವಿದ್ಯಾರ್ಥಿ ಮನೆಮಾತಿನಲ್ಲಿಯೇ ಹೇಳಲಿ. ಹೇಳಿದ್ದನ್ನು ಕನ್ನಡದಲ್ಲಿ ಬರೆಯಲಿ. ಆಮೇಲೆ ತಾನೇ ಇಂಗ್ಲಿಷಿಗೆ ತರಲಿ. ಇಂಗ್ಲಿಷಿಗೆ ಒಗ್ಗದ ಪದವನ್ನು ಹಾಗೆಯೇ ಉಳಿಸಿಕೊಂಡು ಒಂದು ವಾಕ್ಯದಲ್ಲಿ ವಿವರಿಸಿದರೆ ಸಾಕು. ಎರಡನೆಯ ಭೇಟಿಯಲ್ಲಿ ಕ್ರಮವನ್ನು, ಮೂರನೆಯದರಲ್ಲಿ ವ್ಯಾಕರಣವನ್ನು ನೋಡಬಹುದು. ಈ ಅನುಕ್ರಮ ತಲೆಕೆಳಗಾದರೆ ವ್ಯಾಕರಣದ ಭಯ ಅನುಭವವನ್ನು ನುಂಗಿಬಿಡುತ್ತದೆ.

ನೆರವಿಗೂ ಮಿತಿಯಿದೆ. ಅಧ್ಯಾಪಕರು ವಾಕ್ಯಗಳನ್ನು ತಾವೇ ಬರೆದುಕೊಟ್ಟರೆ ಅದು ಅಪ್ರಾಮಾಣಿಕ. ಅಷ್ಟೇ ಅಲ್ಲ, ಮೂರು ಭಾಷೆಗಳ ನಡುವೆ ಬೆಳೆದ ಒಂದು ದನಿಯನ್ನು ಅಳಿಸಿದಂತೆಯೂ ಹೌದು. ಅಲ್ಪಸಂಖ್ಯಾತತೆಯನ್ನು ಅನುಕಂಪಕ್ಕಾಗಿ ಪ್ರದರ್ಶಿಸುವಂತೆ ಪ್ರೇರೇಪಿಸುವುದೂ ಇಂತಹುದೇ ತಪ್ಪು. ಅರ್ಜಿಯಲ್ಲಿ ಕೇಳುವ ವೈಯಕ್ತಿಕ ಪ್ರಶ್ನೆಗಳು ಎಂದೂ ನಿರಪಾಯವಾಗಿರಲಿಲ್ಲ. 1920ರ ದಶಕದಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳು ಅಂಕಗಳ ಜತೆಗೆ ‘ಶೀಲ’ವನ್ನೂ ಅಳೆಯತೊಡಗಿದುದರ ಹಿಂದೆ ಯಹೂದಿ ವಿದ್ಯಾರ್ಥಿಗಳ ಪ್ರಮಾಣವನ್ನು ತಗ್ಗಿಸುವ ಉದ್ದೇಶವೂ ಇತ್ತು. ಆದುದರಿಂದ ಏನನ್ನು ಹೇಳಬೇಕು, ಏನನ್ನು ಹೇಳದೆ ಉಳಿಸಿಕೊಳ್ಳಬೇಕು ಎಂಬ ನಿರ್ಧಾರ ವಿದ್ಯಾರ್ಥಿಯದೇ ಆಗಿರಬೇಕು.

ಕೊನೆಯ ಪರೀಕ್ಷೆ ಸರಳವಾದುದು. ವಿದ್ಯಾರ್ಥಿ ಪ್ರಬಂಧವನ್ನು ಗಟ್ಟಿಯಾಗಿ ಓದಿ, ಪ್ರತಿ ವಾಕ್ಯದ ಅರ್ಥವನ್ನು ಮನೆಮಾತಿನಲ್ಲಿ ಹೇಳಬೇಕು. ಹಾಗೆ ಹೇಳಲಾಗದ ವಾಕ್ಯ ಬೇರೆ ಯಾರದೋ ಆಗಿರುತ್ತದೆ. ಅದು ಎಷ್ಟೇ ಸೊಗಸಾಗಿದ್ದರೂ ಹೊಡೆದುಹಾಕಿ, ಆ ಜಾಗದಲ್ಲಿ ಅವಳಿಗೆ ಹೇಳಲು ಬರುವುದನ್ನೇ ಬರೆಸುವುದು ಒಳ್ಳೆಯದು.