ಒಎನ್‌ಜಿಸಿ ಷೇರು ನಿಜವಾಗಿ ಅಗ್ಗವಾ?

ಸುರತ್ಕಲ್ ಹತ್ತಿರದ ಎಂಆರ್‌ಪಿಎಲ್ ನಮಗೆಲ್ಲ ಗೊತ್ತು. ಅದರ ಒಡೆತನ 2003ರಿಂದ ಒಎನ್‌ಜಿಸಿಯ ಕೈಯಲ್ಲಿದೆ. ಗಲ್ಫ್ ಬಿಟ್ಟು ಊರಲ್ಲಿ ನೆಲೆಸಿ, ಕೈಯಲ್ಲಿ ಒಂದಿಷ್ಟು ದುಡ್ಡು ಉಳಿಸಿಕೊಂಡವರು ಈಗ ಕೇಳುವುದುಂಟು: "ಉಸ್ತಾದರೇ, ಒಎನ್‌ಜಿಸಿ ಷೇರು ತಗೊಳ್ಬಹುದಾ? ಪಿ/ಇ ಕಡಿಮೆ ಉಂಟಂತೆ, ಡಿವಿಡೆಂಡ್ ಶೇ. 245 ಕೊಟ್ಟಿದ್ದಾರಂತೆ!"

ಮೊದಲು ಆ 245ರ ಲೆಕ್ಕ ನೋಡುವ. ಡಿವಿಡೆಂಡಿನ ಶೇಕಡಾವಾರು ಹೇಳುವುದು ಷೇರಿನ ಮುಖಬೆಲೆಯ ಮೇಲೆ, ನಾವು ಕೊಟ್ಟ ಬೆಲೆಯ ಮೇಲಲ್ಲ. ಒಎನ್‌ಜಿಸಿಯ ಮುಖಬೆಲೆ 5 ರೂಪಾಯಿ. 2023-24ಕ್ಕೆ ಷೇರೊಂದಕ್ಕೆ ಕೊಟ್ಟದ್ದು 12.25 ರೂಪಾಯಿ. 250 ರೂಪಾಯಿಗೆ ಕೊಂಡವನಿಗೆ ಅದು ನೂರಕ್ಕೆ 5 ಕೂಡ ಆಗುವುದಿಲ್ಲ. ಕೆಟ್ಟದ್ದೇನಲ್ಲ, ಆದರೆ ವಾಟ್ಸಾಪಿನಲ್ಲಿ ಓಡಾಡುವ ಲೆಕ್ಕವೇ ಬೇರೆ.

ಇನ್ನು ಪಿ/ಇ. ಷೇರಿನ ಬೆಲೆಯನ್ನು ಷೇರೊಂದರ ವರ್ಷದ ಲಾಭದಿಂದ ಭಾಗಿಸಿದರೆ ಸಿಗುವ ಸಂಖ್ಯೆ ಇದು. ಅಡಿಕೆಗೆ ಭಾರೀ ರೇಟು ಬಂದ ವರ್ಷದ ಆದಾಯ ನೋಡಿ ತೋಟಕ್ಕೆ ಬೆಲೆ ಕಟ್ಟುತ್ತಾರಾ? ತೈಲ ತೆಗೆಯುವ ಕಂಪೆನಿಯದ್ದೂ ಹಾಗೆಯೇ. 2020-21ರಲ್ಲಿ ಒಎನ್‌ಜಿಸಿಯ ಲಾಭ 11,246 ಕೋಟಿ. ಮರುವರ್ಷ 40 ಸಾವಿರ ಕೋಟಿ ದಾಟಿತು. ಹೆಚ್ಚು ತೈಲ ತೆಗೆದದ್ದರಿಂದಲ್ಲ. ಕಚ್ಚಾ ತೈಲದ ಬೆಲೆ ಏರಿತು, ತೆರಿಗೆ ಲೆಕ್ಕದಲ್ಲೂ ಆ ವರ್ಷ ಅನುಕೂಲವಾಯಿತು. ಲಾಭ ತುತ್ತತುದಿಯಲ್ಲಿರುವಾಗಲೇ ಪಿ/ಇ ಅಗ್ಗವಾಗಿ ಕಾಣುವುದು. ಹಾಗಾಗಿ ಒಂದು ವರ್ಷದ್ದಲ್ಲ, ಏಳೆಂಟು ವರ್ಷದ ಸರಾಸರಿ ಲಾಭ ಹಿಡಿದು ನೋಡಬೇಕು. 2020ರ ಮಾರ್ಚಿನಲ್ಲಿ 60 ರೂಪಾಯಿಗೂ ಕೆಳಗಿಳಿದ ಈ ಷೇರು 2024ರ ಆಗಸ್ಟಿನಲ್ಲಿ 330 ದಾಟಿತ್ತು. ಯಾವಾಗ ಕೊಂಡದ್ದು ಎಂಬುದರ ಮೇಲೆಯೇ ಎಲ್ಲ.

ಬಾವಿಯ ವಿಷಯವೂ ಉಂಟು. ಮುಂಬೈ ಹೈ ಸಿಕ್ಕಿದ್ದು 1974ರಲ್ಲಿ. ಹಳೆಯ ಬಾವಿ ಬತ್ತುತ್ತಾ ಹೋಗುತ್ತದೆ. ತೆಗೆದಷ್ಟು ತೈಲವನ್ನು ಹೊಸತಾಗಿ ಹುಡುಕಿದ್ದಾರಾ ಎಂದು ವಾರ್ಷಿಕ ವರದಿಯಲ್ಲಿ ನೋಡಬೇಕು. ಕೃಷ್ಣಾ-ಗೋದಾವರಿ ಕಡಲಾಳದ ಬ್ಲಾಕಿನಿಂದ 2024ರ ಜನವರಿಯಲ್ಲಿ ತೈಲ ಬರಲು ಸುರುವಾಗಿದೆ. ಆಳ ಸಮುದ್ರದ ತೈಲಕ್ಕೆ ಖರ್ಚೂ ಜಾಸ್ತಿ.

ನನ್ನ ಪ್ರಕಾರ ದೊಡ್ಡ ಪ್ರಶ್ನೆ ಯಜಮಾನನದ್ದು. ಅರ್ಧಕ್ಕಿಂತ ಹೆಚ್ಚು ಷೇರು ಕೇಂದ್ರ ಸರಕಾರದ್ದು, ಅದಕ್ಕೆ ಬೇಕಾದಾಗ ಈ ಕಂಪೆನಿಯ ಕಿಸೆಗೆ ಕೈ ಹಾಕುತ್ತದೆ. 2013-14ರಲ್ಲಿ ಡೀಸೆಲ್, ಗ್ಯಾಸ್, ಸೀಮೆಎಣ್ಣೆಯ ಸಬ್ಸಿಡಿಗೆ ಒಎನ್‌ಜಿಸಿ ಹೊತ್ತ ಪಾಲು 56,384 ಕೋಟಿ. 2018ರಲ್ಲಿ ಸರಕಾರದ ಕೈಯಲ್ಲಿದ್ದ ಎಚ್‌ಪಿಸಿಎಲ್ ಪಾಲನ್ನು 36,915 ಕೋಟಿಗೆ ಕೊಂಡಿತು, ಅದಕ್ಕೆ ಸಾಲ ಮಾಡಿತು. ಬೆಲೆ ಏರಿ ಲಾಭ ಬಂತು ಎನ್ನುವಷ್ಟರಲ್ಲಿ 2022ರ ಜುಲೈಯಲ್ಲಿ ಟನ್ನಿಗೆ 23,250 ರೂಪಾಯಿ ವಿಶೇಷ ತೆರಿಗೆ ಬಿತ್ತು. ಅದು ಪೂರ್ತಿ ಹೋದದ್ದು 2024ರ ಡಿಸೆಂಬರಿನಲ್ಲಿ. ಹಳೆಯ ಬಾವಿಗಳ ಗ್ಯಾಸಿಗೆ 2023ರಿಂದ ಬೆಲೆಯ ಮಿತಿ ಬೇರೆ. ಚಿಲ್ಲರೆ ಷೇರುದಾರನನ್ನು ಇಲ್ಲಿ ಯಾರೂ ಕೇಳುವುದಿಲ್ಲ.

ಎಂಆರ್‌ಪಿಎಲ್ ಷೇರನ್ನು ಇದರ ಜೊತೆ ಬೆರೆಸಬೇಡಿ. ಅದು ಕಚ್ಚಾ ತೈಲ ಕೊಳ್ಳುವ ಕಂಪೆನಿ. ತೈಲ ಬೆಲೆ ಏರಿದರೆ ಒಎನ್‌ಜಿಸಿಗೆ ಖುಷಿ, ಶುದ್ಧೀಕರಿಸುವವನಿಗೆ ಖುಷಿಯಾಗಲೇಬೇಕೆಂದಿಲ್ಲ.

ತೈಲದ ವ್ಯಾಪಾರ ಹಲಾಲ್, ಅದರಲ್ಲಿ ತಕರಾರಿಲ್ಲ. ಪ್ರಶ್ನೆ ಬಡ್ಡಿಯದ್ದು. ಎಎಒಐಎಫ್‌ಐ ಮಾನದಂಡದ ಪ್ರಕಾರ ಬಡ್ಡಿ ಸಾಲ ಕಂಪೆನಿಯ ಮಾರುಕಟ್ಟೆ ಮೌಲ್ಯದ ಶೇ. 30 ಮೀರಬಾರದು, ನಿಷಿದ್ಧ ಆದಾಯ ಶೇ. 5 ಮೀರಬಾರದು. ಒಎನ್‌ಜಿಸಿಯ ಒಂಟಿ ಲೆಕ್ಕ ನೋಡಿ ಸಮಾಧಾನಪಡಬೇಡಿ. ಎಚ್‌ಪಿಸಿಎಲ್, ಎಂಆರ್‌ಪಿಎಲ್ ಸಾಲವೂ ಸೇರಿದ ಒಟ್ಟು ಲೆಕ್ಕ ನೋಡಿ. ಷೇರಿನ ಬೆಲೆ ಕುಸಿದಾಗ ಈ ಅನುಪಾತವೂ ಬದಲಾಗುತ್ತದೆ, ಆದ್ದರಿಂದ ವರ್ಷವರ್ಷ ನೋಡಲೇಬೇಕು. ಪಾಸಾದರೂ ನಿಷಿದ್ಧ ಆದಾಯದ ಪಾಲು ನಮ್ಮದಲ್ಲ. ಅದು ಶೇ. 3 ಅಂತ ಇಟ್ಟುಕೊಳ್ಳಿ, 100 ಷೇರಿಗೆ 1,225 ರೂಪಾಯಿ ಡಿವಿಡೆಂಡ್ ಬಂದರೆ ಸುಮಾರು 37 ರೂಪಾಯಿ ಬಡವರಿಗೆ ಕೊಟ್ಟು ಬಿಡಬೇಕು. ಅದನ್ನು ಝಕಾತಿಗೆ ಜಮೆ ಮಾಡುವಂತಿಲ್ಲ, ಝಕಾತಿನ ಲೆಕ್ಕ ಬೇರೆ.