ಬೇಸಿಗೆಯಲ್ಲಿ ಗ್ಯಾಸ್ ಗೀಸರ್: ಪೈಲಟ್ ಜ್ವಾಲೆ ಆರಿಸಬೇಕೆ?

ಪೈಲಟ್ ಜ್ವಾಲೆ ಎಂದರೆ ಗ್ಯಾಸ್ ಉಪಕರಣದೊಳಗೆ ಹಗಲಿರುಳು ಉರಿಯುವ ಪುಟ್ಟ ನೀಲಿ ಜ್ವಾಲೆ. ದೊಡ್ಡ ಬರ್ನರ್ ಹೊತ್ತಿಕೊಳ್ಳುವುದು ಅದರಿಂದಲೇ. ಬಿಸಿನೀರು ಬೇಡದ ದಿನವೂ ಅದು ಗ್ಯಾಸ್ ತಿನ್ನುತ್ತದೆ. ವಾರಗಟ್ಟಲೆ ಬಳಕೆಯಿಲ್ಲದಿದ್ದರೆ ಆರಿಸುವುದೇ ಲಾಭ.

ಆದರೆ ನಮ್ಮ ಬಚ್ಚಲುಮನೆಗಳಲ್ಲಿ ಕಾಣುವ ಗ್ಯಾಸ್ ಗೀಸರ್‌ಗಳಲ್ಲಿ ಸಾಮಾನ್ಯವಾಗಿ ಈ ಜ್ವಾಲೆಯೇ ಇರುವುದಿಲ್ಲ. ನಲ್ಲಿ ತಿರುಗಿಸಿದೊಡನೆ ನೀರಿನ ಒತ್ತಡಕ್ಕೆ ವಾಲ್ವ್ ತೆರೆಯುತ್ತದೆ, ಎರಡು ದಪ್ಪ ಸೆಲ್‌ಗಳ ಬಲದಿಂದ ಟಕಟಕ ಕಿಡಿ ಹಾರಿ ಬರ್ನರ್ ಹೊತ್ತಿಕೊಳ್ಳುತ್ತದೆ. ನೀರು ನಿಂತರೆ ಆರುತ್ತದೆ.

ಇಲ್ಲಿ ಮುಚ್ಚಬೇಕಾದದ್ದು ರೆಗ್ಯುಲೇಟರ್. ಏಪ್ರಿಲ್, ಮೇ ತಿಂಗಳಲ್ಲಿ ತಣ್ಣೀರೇ ಹಿತವೆನಿಸುವ ಮನೆಯಲ್ಲಿ ಗೀಸರಿಗೆಂದೇ ಇಟ್ಟ 14.2 ಕೆ.ಜಿ. ಸಿಲಿಂಡರಿನ ರೆಗ್ಯುಲೇಟರ್ ಆಫ್ ಆಗಿರಲಿ, ಸೆಲ್ಲೂ ಹೊರಗಿರಲಿ. ಒಳಗೇ ಮರೆತ ಸೆಲ್ ಸೋರಿ, ಅದು ಕೂರುವ ಡಬ್ಬಿಯ ಲೋಹದ ಪಟ್ಟಿ ಕಿಲುಬು ಹಿಡಿಯಬಹುದು. ಪೈಪ್ ಗ್ಯಾಸ್ ಇದ್ದರೆ ಗೀಸರ್ ಪಕ್ಕದ ವಾಲ್ವ್ ಮುಚ್ಚಿದರೆ ಸಾಕು.

ಮಳೆಗಾಲಕ್ಕೆ ಮತ್ತೆ ಹಚ್ಚುವ ಮುನ್ನ ರೆಗ್ಯುಲೇಟರ್ ತೆರೆದು, ಟ್ಯೂಬಿನ ಮೇಲೆ ಸೋಪಿನ ನೀರು ಸವರಬೇಕು. ಗುಳ್ಳೆ ಎದ್ದರೆ ಸೋರಿಕೆ. ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಗೀಸರ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳಬಹುದು. ಅದಕ್ಕೆ ವಾಸನೆಯೇ ಇಲ್ಲ. ಅಡುಗೆ ಅನಿಲ ಸೋರಿಕೆಯ ತುರ್ತು ಸಹಾಯವಾಣಿ 1906.